‘ಬಂದೊಡೆ’ಯಿಂದ ‘ಬಂದ್ರ’ದವರೆಗೆ

ಫ್ರೆಂಚ್ ಭಾಷೆ ಕಲಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ದೂರವಾಣಿಯಲ್ಲಿ, “ಸರ್, ‘ವ್ಯಾಂದ್ರೆ’ ಅಂದ್ರ ನಮ್ಮ ‘ಬಂದ್ರ’ ಇದ್ದಂಗ ಅಂತ ತಿಳಕೊಂಡು ಬರದೆ, ತಪ್ಪಾತ್ರಿ” ಎಂದು ನಕ್ಕಳು.

ಧ್ವನಿಸಾಮ್ಯವು ಕೇವಲ ಆಕಸ್ಮಿಕ. ಫ್ರೆಂಚಿನ ಆ ರೂಪಕ್ಕೆ ‘ಬರುತ್ತಿದ್ದೆ’ ಎಂದರ್ಥ; ಅದು ಷರತ್ತಲ್ಲ, ಷರತ್ತಿನ ಫಲ. ಷರತ್ತನ್ನು ಸೂಚಿಸುವ ‘ಸಿ’ ಎಂಬ ಪದ ತೊಡಗಿಸುವ ವಾಕ್ಯದಲ್ಲಿ ಅದು ಬರಕೂಡದು. ಫ್ರಾನ್ಸಿನ ಶಾಲಾಮಕ್ಕಳೂ ಇಲ್ಲಿಯೇ ಎಡವಿ ಬೈಸಿಕೊಳ್ಳುತ್ತಾರೆ! ಕನ್ನಡದ ದಾರಿ ಇದಕ್ಕೆ ವಿರುದ್ಧವಾದುದು. ಫಲವನ್ನು ಸಾಮಾನ್ಯ ಕ್ರಿಯಾಪದಕ್ಕೆ ಬಿಟ್ಟು, ಷರತ್ತಿಗೇ ‘ಅರೆ’ ಎಂಬ ಗುರುತನ್ನು ಹಚ್ಚುತ್ತದೆ. ಇದನ್ನೇ ನಾನು ಪಕ್ಷಾರ್ಥಕವೆಂದು ನಿಮಗೆ ಪಾಠ ಹೇಳಿದ್ದು.

ಈ ‘ಅರೆ’ಗೆ ದೀರ್ಘ ಚರಿತ್ರೆಯಿದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಬದ್ಧಗೊಳಿಸಿದ ಹಳಗನ್ನಡದಲ್ಲಿ ಅದು ‘ಬಂದೊಡೆ’. ವಚನಗಳ ಭಾಷೆಯಲ್ಲಿ ‘ಬಂದಡೆ’, ‘ಆದಡೆ’. ಮುಂದೆ ಡಕಾರವು ರಕಾರವಾಗಿ ‘ಬಂದರೆ’, ‘ಆದರೆ’ ಎಂದಾಯಿತು. ದಿನಕ್ಕೆ ನೂರು ಸಲ ನಾವಾಡುವ ‘ಆದರೆ’ಯ ಹೊಟ್ಟೆಯಲ್ಲಿ ಹೀಗೊಂದು ಷರತ್ತು ಅಡಗಿದೆ.

ನನಗೆ ಹೆಚ್ಚು ಸೋಜಿಗವೆನಿಸುವುದು ಬೇರೆಯೇ. ‘ನಾಳೆ ಬಂದರೆ’ ಎನ್ನುವಾಗಲೂ ನಾವು ‘ಬಂದ’ ಎಂಬ ಭೂತಕಾಲದ ರೂಪವನ್ನೇ ಹಿಡಿಯುತ್ತೇವೆ. ಫ್ರೆಂಚರ ‘ವ್ಯಾಂದ್ರೆ’ಯ ಕೊನೆಯೂ ಲ್ಯಾಟಿನ್ನಿನ ‘ಹೊಂದು’ ಎಂಬರ್ಥದ ಕ್ರಿಯಾಪದದ ಭೂತಕಾಲದಿಂದ ಬಂದುದು. ನಮ್ಮ ಶಿರಗುಪ್ಪಿಯ ಸಂತೆಯಲ್ಲಿ ಕಿವಿಗೆ ಬೀಳುವ ಮರಾಠಿಯೂ ‘ಆಲಾ ಅಸತಾ ತರ್’ ಎಂದು ಷರತ್ತಿಗೆ ‘ಆಲಾ’ (ಬಂದ) ಎಂಬ ಭೂತರೂಪವನ್ನೇ ಬಳಸುತ್ತದೆ. ನಡೆಯದೇ ಹೋದುದನ್ನು ಹೇಳಲು ಮೂರೂ ಭಾಷೆಗಳು ನಡೆದುಹೋದುದರ ರೂಪವನ್ನೇ ಕಡ ತರುತ್ತವೆ.

ಗಡಿಯವರಾದ ನಮಗಂತೂ ಇಂಥ ವಾಕ್ಯ ಹೊಸದಲ್ಲ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗೆರೆಯು ತುಸು ಇತ್ತ ಸರಿದಿದ್ದರೆ ನಾನು ಬಹುಶಃ ಮರಾಠಿ ವ್ಯಾಕರಣ ಕಲಿಸುತ್ತಿದ್ದೆ. ೧೯೬೭ರಲ್ಲಿ ಮಹಾಜನ ಆಯೋಗದ ವರದಿ ಬಂದಾಗ ಹಿರಿಯರು ಕಟ್ಟೆಯ ಮೇಲೆ ಆಡುತ್ತಿದ್ದುದೆಲ್ಲ ‘ಹಂಗಾಗಿದ್ರ, ಹಿಂಗಾಗಿದ್ರ’ ಎಂಬ ಮಾತೇ.

ಉತ್ತರಪತ್ರಿಕೆಯಲ್ಲಿ ‘ಬಂದ್ರ’ ಎಂದು ಬರೆದವರಿಗೆ ಕೆಂಪು ಶಾಯಿಯ ಗೀಟು ಎಳೆದವನು ನಾನೇ. ಶಿಷ್ಟರೂಪ ಕಲಿಸುವುದು ನನ್ನ ಕರ್ತವ್ಯವಾಗಿತ್ತು, ನಿಜ. ‘ಬಂದೊಡೆ’ಯು ಸವೆದು ‘ಬಂದರೆ’ಯಾದಂತೆ, ‘ಬಂದರೆ’ಯು ನಮ್ಮವರ ಬಾಯಲ್ಲಿ ಸವೆದು ‘ಬಂದ್ರ’ ಆಗಿದೆ ಎಂಬುದನ್ನೂ ಅಂದು ಹೇಳಿದ್ದರೆ, ಹಿಂದಿನ ಬೆಂಚಿನ ನಾಲ್ಕಾರು ಹುಡುಗರು ತಲೆ ತಗ್ಗಿಸುತ್ತಿರಲಿಲ್ಲ.