ಬ್ಯಾಂಕ್ ಯಾರದು, ಠೇವಣಿ ಯಾರದು?

ಚುನಾವಣೆ ಬಂತೆಂದರೆ ಟಿ.ವಿ. ಸ್ಟುಡಿಯೋದಿಂದ ಅರಳಿಕಟ್ಟೆಯವರೆಗೂ ಓಡಾಡುವ ಮಾತು ‘ವೋಟ್ ಬ್ಯಾಂಕ್’. ಅದರ ವ್ಯಾಕರಣವೂ ವಿಚಿತ್ರ: ಉತ್ತಮ ಪುರುಷದಲ್ಲಿ ಅದು ಬಳಕೆಯಾಗುವುದೇ ಇಲ್ಲ. ನಮಗಿರುವುದು ಜನಬೆಂಬಲ, ಎದುರಾಳಿಗಿರುವುದು ವೋಟ್ ಬ್ಯಾಂಕ್. ಕೇಳಿದರೆ ಯಾವನೋ ಪುಢಾರಿಯ ಬಾಯಿಂದ ಉದುರಿದ ಮಾತು ಅನ್ನಿಸುತ್ತದೆ. ಆದರೆ ಅದರ ತವರು ಮೈಸೂರು ಸೀಮೆಯ ಒಂದು ಹಳ್ಳಿ, ಹೆಸರಿಟ್ಟವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್.

ಮೈಸೂರಿನಲ್ಲೇ ಹುಟ್ಟಿ, ಬೊಂಬಾಯಿ, ಆಕ್ಸ್‌ಫರ್ಡ್‌ಗಳಲ್ಲಿ ಓದಿದ ಶ್ರೀನಿವಾಸ್ 1948ರಲ್ಲಿ ಆ ಹಳ್ಳಿಗೆ ಹೋಗಿ ಬಿಡಾರ ಹೂಡಿದರು. ತಮ್ಮ ಬರಹದಲ್ಲಿ ಅದನ್ನು ‘ರಾಂಪುರ’ ಎಂದು ಕರೆದರು. ತಂಗಿದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ಪಠ್ಯಪುಸ್ತಕಗಳು ಇದಕ್ಕೆ ‘ಸಹಭಾಗಿ ಅವಲೋಕನ’ ಎಂಬ ಗಂಭೀರ ಹೆಸರು ಕೊಟ್ಟಿವೆ. ಊರಲ್ಲೇ ಉಳಿದು, ಜನ ಹೇಳಿದ್ದನ್ನು ಕೇಳಿಸಿಕೊಳ್ಳುವುದು. ಅವರು ಮಾಡುವುದನ್ನೂ ನೋಡುವುದು. ಎರಡೂ ಹೊಂದದಿದ್ದರೆ ಹೊಂದದಿರುವುದನ್ನೇ ಬರೆದಿಟ್ಟುಕೊಳ್ಳುವುದು. ಪ್ರಶ್ನಾವಳಿ ಹಿಡಿದು ಬಂದವನಿಗೆ ಜಾತಿ, ಜಮೀನು, ವಯಸ್ಸು ಸಿಗುತ್ತವೆ. ಯಾರು ಯಾರ ಹಂಗಿನಲ್ಲಿದ್ದಾರೆ ಎಂಬುದು ತಿಳಿಯಲು ನಾಲ್ಕು ಕಾಲ ಜಗಲಿಯ ಮೇಲೆ ಕೂರಬೇಕು.

ಹಾಗೆ ಕೂತವರಿಗೆ ಕಂಡದ್ದು ಒಡೆಯ ಮತ್ತು ಆಳು, ಭೂಮಾಲೀಕ ಮತ್ತು ಗೇಣಿದಾರ, ಸಾಲ ಕೊಟ್ಟವನು ಮತ್ತು ತೆಗೆದುಕೊಂಡವನು, ಇವರ ನಡುವಿನ ಕಟ್ಟು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂದು ಗಾದೆ ಹೇಳುತ್ತದಲ್ಲ, ಆ ಉಪ್ಪಿನ ಲೆಕ್ಕ. ಇಂಥ ಊರಿಗೆ ಮತಪೆಟ್ಟಿಗೆ ಬಂದಾಗ ಹಳೆಯ ಋಣ ಹೊಸ ನಾಣ್ಯವಾಯಿತು. ಒಕ್ಕಲುಗಳ ಓಟು ಯಜಮಾನನ ಕೈಯಲ್ಲಿ. ಅಭ್ಯರ್ಥಿ ಯಜಮಾನನನ್ನು ಕಂಡರೆ ಸಾಕು. ಮೆಕಿಮ್ ಮ್ಯಾರಿಯಟ್ ಸಂಪಾದಿಸಿದ ‘ವಿಲೇಜ್ ಇಂಡಿಯಾ’ ಸಂಕಲನಕ್ಕೆ 1955ರಲ್ಲಿ ಬರೆದ ಲೇಖನದಲ್ಲಿ ಶ್ರೀನಿವಾಸ್ ಈ ಏರ್ಪಾಟನ್ನು ‘ವೋಟ್ ಬ್ಯಾಂಕ್’ ಎಂದರು. ಅಂದರೆ ಬೆರಳು ತೋರಿದ್ದು ಬ್ಯಾಂಕ್ ನಡೆಸುವವನ ಕಡೆಗೆ.

ಮುಂದೆ ಮಾತು ಊರು ಬಿಟ್ಟಿತು. ಒಡಿಶಾದ ರಾಜಕೀಯವನ್ನು ಅಧ್ಯಯನ ಮಾಡಿದ ಎಫ್.ಜಿ. ಬೈಲಿ ಅದನ್ನು ಜಾತಿ ಮುಖಂಡರ ಪ್ರಭಾವಕ್ಕೆ ಅನ್ವಯಿಸಿದರು. ಇತ್ತ ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಬಂದು ಗೇಣಿ ಪದ್ಧತಿಯ ಬುಡವೇ ಅಲುಗಿತು. ಗೇಣಿದಾರ ಹೊಲದೊಡೆಯನಾದ ಕಡೆಯಲ್ಲಿ ಹಳೆಯ ಯಜಮಾನನ ಕೈ ಸಡಿಲವಾಯಿತು. ಬ್ಯಾಂಕು ಮುಚ್ಚಿದರೂ ಬೋರ್ಡು ಉಳಿಯಿತು. ಅದನ್ನು ಕಿತ್ತು ಜಾತಿ, ಧರ್ಮಗಳ ಬಾಗಿಲಿಗೆ ತಗುಲಿಹಾಕಿದರು. ಕನ್ನಡ ಪತ್ರಿಕೆಗಳ ‘ಮತಬ್ಯಾಂಕ್’ ಇದಕ್ಕೆ ಹೇಳಿ ಮಾಡಿಸಿದಂತಿತ್ತು: ನಮ್ಮಲ್ಲಿ ಮತ ಎಂದರೆ ಓಟೂ ಹೌದು, ಅಭಿಪ್ರಾಯವೂ ಹೌದು, ಧರ್ಮವೂ ಹೌದು. ಮೂರನೆಯ ಅರ್ಥ ಮೊದಲಿನ ಎರಡನ್ನೂ ನುಂಗಿ ಕೂತಿತು.

ಈ ಪಯಣದಲ್ಲಿ ಆರೋಪಿಯೇ ಬದಲಾದ. 1955ರಲ್ಲಿ ಪ್ರಶ್ನೆ ಇದ್ದದ್ದು ಓಟನ್ನು ಒತ್ತೆ ಇಟ್ಟುಕೊಂಡವನ ಮೇಲೆ. ಈಗ ಗುಮಾನಿ ಇರುವುದು ಓಟು ಹಾಕುವವರ ಮೇಲೆ. ಅದೂ ಎಲ್ಲರ ಮೇಲಲ್ಲ. ಸಂಖ್ಯೆ, ಭೂಮಿ, ಅಧಿಕಾರ ಮೂರೂ ಇರುವ ಸಮುದಾಯಗಳಿಗೆ ಶ್ರೀನಿವಾಸ್ ‘ಪ್ರಬಲ ಜಾತಿ’ ಎಂಬ ಇನ್ನೊಂದು ಪರಿಕಲ್ಪನೆ ಕೊಟ್ಟಿದ್ದರು. ಅಂಥವರು ಒಟ್ಟಾಗಿ ಓಟು ಹಾಕಿದರೆ ಅದು ‘ಸಮುದಾಯದ ಒಗ್ಗಟ್ಟು’. ದಲಿತರೋ ಅಲ್ಪಸಂಖ್ಯಾತರೋ ಹಾಕಿದರೆ ‘ವೋಟ್ ಬ್ಯಾಂಕ್’. ಒಂದೇ ಕ್ರಿಯೆಗೆ ಎರಡು ಹೆಸರು ಬಿದ್ದ ಕಡೆ ಸಮಾಜಶಾಸ್ತ್ರಕ್ಕೆ ಕೆಲಸವಿದೆ ಎಂದೇ ಅರ್ಥ.

ಪರಿಕಲ್ಪನೆಗಳಿಗೆ ಈ ಅಪಾಯ ಇದ್ದದ್ದೇ. ನೋಡಿದ್ದನ್ನು ಅಡಕವಾಗಿ ಹೇಳಲು ಹುಟ್ಟಿದ ಪದ, ಮುಂದೆ ನೋಡದೇ ಇರಲು ನೆಪವಾಗುತ್ತದೆ. ಆದರೆ ಪದ ಹುಟ್ಟಿಸಿದವರು ನೋಡಿಯೇ ಬರೆದವರು. ರಾಂಪುರದ ಬಗ್ಗೆ ಶ್ರೀನಿವಾಸ್ ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಬಿದ್ದವು. ಅವರು ನೆನಪನ್ನೇ ಆಧಾರ ಮಾಡಿಕೊಂಡು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಟಿಪ್ಪಣಿ ಸುಟ್ಟರೂ ಊರು ಕಣ್ಣೆದುರು ಇತ್ತು, ಏಕೆಂದರೆ ಅವರು ಅಲ್ಲಿ ಬಾಳಿದ್ದರು. ಇಂದು ‘ಇಂಥ ಜಾತಿಯ ಮತಬ್ಯಾಂಕ್ ಇಂಥವರ ಕಡೆ’ ಎಂದು ತೀರ್ಪು ಕೊಡುವವರಲ್ಲಿ ಎಷ್ಟು ಜನ ಆ ಜಾತಿಯ ಕೇರಿಯಲ್ಲಿ ಒಂದು ರಾತ್ರಿ ಕಳೆದಿದ್ದಾರೆ?

ಹಾಗೆ ಹೋಗಿ ನೋಡಿದವರ ವರದಿ ಬೇರೆಯೇ ಇದೆ. ಮಾನವಶಾಸ್ತ್ರಜ್ಞೆ ಮುಕುಲಿಕಾ ಬ್ಯಾನರ್ಜಿ ಹಲವು ರಾಜ್ಯಗಳ ಕ್ಷೇತ್ರಕಾರ್ಯವನ್ನು ಆಧರಿಸಿ 2014ರಲ್ಲಿ ಪ್ರಕಟಿಸಿದ ‘ವೈ ಇಂಡಿಯಾ ವೋಟ್ಸ್?’ ಪುಸ್ತಕದಲ್ಲಿ ಬಡ ಮತದಾರರು ಲಾಭನಷ್ಟದ ಜೊತೆಗೆ ಕರ್ತವ್ಯ, ಹಕ್ಕು, ಸಮಾನತೆಯ ಮಾತನ್ನೂ ಆಡುತ್ತಾರೆ: ಒಂದು ದಿನದ ಮಟ್ಟಿಗಾದರೂ ಸಾಲಿನಲ್ಲಿ ಎಲ್ಲರೂ ಸಮ. ಇನ್ನು ಬ್ಯಾಂಕಿನ ರೂಪಕವನ್ನೇ ಹಿಡಿದು ಹೊರಟರೂ ಠೇವಣಿಯ ಒಡೆತನ ಮ್ಯಾನೇಜರನದಲ್ಲ, ಇಟ್ಟವನದು. ಬೇಕೆಂದಾಗ ಅವನು ಹಿಂದಕ್ಕೆ ಪಡೆಯಬಹುದು. ನಮ್ಮ ಚುನಾವಣೆಗಳಲ್ಲಿ ಠೇವಣಿ ಕಳೆದುಕೊಳ್ಳುವುದು ಅಭ್ಯರ್ಥಿ, ಮತದಾರನಲ್ಲ.