ಸುರಪುರ: ಬೆಟ್ಟಗಳ ನಡುವಿನ ಐತಿಹಾಸಿಕ ಪಟ್ಟಣ – ಪ್ರವಾಸಿಗರಿಗೆ ಮಾಹಿತಿ

ಸುರಪುರವು ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದ್ದು, ಬಂಡೆಗಲ್ಲಿನ ಬೆಟ್ಟಗಳಿಂದ ಆವೃತವಾಗಿರುತ್ತದೆ. ಹಳೆಯ ದಾಖಲೆಗಳಲ್ಲಿ ಇದರ ಹೆಸರು ಶೋರಾಪುರ ಎಂದಿರುತ್ತದೆ. ಯಾದಗಿರಿಯು 2010ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು.

ಇದು ಬೇಡ ನಾಯಕ ಅರಸರ ರಾಜಧಾನಿ. ಸಮೀಪದ ವಾಗಣಗೇರಾ ಕೋಟೆಯನ್ನು 1705ರಲ್ಲಿ ಔರಂಗಜೇಬನು ಸ್ವತಃ ಮುತ್ತಿದಾಗ ಪಿಡ್ಡನಾಯಕನು ತಿಂಗಳುಗಟ್ಟಲೆ ಎದುರಿಸಿದನು. ಈ ಕೋಟೆಯನ್ನು ನೋಡದೆ ಸುರಪುರದ ಪ್ರವಾಸ ಪೂರ್ಣವಾಗದು.

ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡನು. ಬೆಟ್ಟದ ಮೇಲೆ ಆತನು ಕಟ್ಟಿಸಿದ ನಿವಾಸವೇ ಟೇಲರ್ ಮಂಜಿಲ್. ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನು ಟೇಲರನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ಅದೇ ರಾಜನು 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದನು. ಸಿಕಂದರಾಬಾದಿನ ಸೆರೆಮನೆಯಲ್ಲಿ ಟೇಲರ್ ಅವನನ್ನು ಭೇಟಿಯಾದನು. ಶಿಕ್ಷೆಗೆ ಒಯ್ಯುವ ದಾರಿಯಲ್ಲಿ ರಾಜನು ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿತು.

ಪಟ್ಟಣದ ವೇಣುಗೋಪಾಲಸ್ವಾಮಿ ದೇವಸ್ಥಾನದಲ್ಲಿ ಕೃಷ್ಣಾಷ್ಟಮಿಯ ಸಮಯದಲ್ಲಿ ಹಾಲೋಕುಳಿ ಜರುಗುತ್ತದೆ. ಜಾರುವ ಎತ್ತರದ ಕಂಬಗಳನ್ನು ಏರುವ ಯುವಕರ ಸಾಹಸವನ್ನು ನೋಡಲು ಸುತ್ತಲ ಹಳ್ಳಿಗಳ ಜನರು ಸೇರುತ್ತಾರೆ. ಕೃಷ್ಣಾ ತೀರದ ತಿಂಥಣಿಯಲ್ಲಿ ಮೌನೇಶ್ವರರ ಕ್ಷೇತ್ರವಿದೆ. ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ಇಲ್ಲಿಗೆ ನಡೆದುಕೊಳ್ಳುತ್ತಾರೆ. ಟೇಲರ್ ಅಭಿವೃದ್ಧಿಪಡಿಸಿದ ಬೋನಾಳ ಕೆರೆಯು ಈಗ ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ.

ಯಾದಗಿರಿ ರೈಲು ನಿಲ್ದಾಣವು ಮುಂಬೈ–ಚೆನ್ನೈ ಮಾರ್ಗದಲ್ಲಿರುತ್ತದೆ. ಅಲ್ಲಿಂದ ಶಹಾಪುರದ ಮೂಲಕ ಸುರಪುರಕ್ಕೆ ಐವತ್ತು ಕಿ.ಮೀ.ಗಿಂತ ತುಸು ಹೆಚ್ಚು. ಯಾದಗಿರಿ ಕೋಟೆಯನ್ನು ಏರಬಯಸುವವರು ಬೆಳಿಗ್ಗೆಯೇ ಹೊರಡುವುದು ಒಳಿತು. ಶಹಾಪುರದಲ್ಲಿ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಈ ನೋಟವು ದೂರದಿಂದಲೇ ಸ್ಪಷ್ಟ, ಹತ್ತಿರ ಹೋದಂತೆ ಬರೀ ಬಂಡೆ. ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗಳನ್ನು ಸಾಲುಸಾಲಾಗಿ ಇರಿಸಲಾಗಿದೆ. ಅವು ಸಾಮಾನ್ಯ ಗುಂಡುಗಳಂತೆ ಕಂಡರೂ ಸಂರಕ್ಷಿತ ಸ್ಮಾರಕವಾಗಿದ್ದು, ಕದಲಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ಪ್ರವಾಸಿಗರ ಗಮನಕ್ಕೆ: ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ದಾಟುವುದರಿಂದ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ಸೂಕ್ತ. ಕೋಟೆ, ಬೆಟ್ಟಗಳಿಗೆ ಹೋಗುವಾಗ ಕುಡಿಯುವ ನೀರನ್ನು ಜೊತೆಗೆ ಒಯ್ಯತಕ್ಕದ್ದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣಾ ನದಿಯು ದಿಢೀರನೆ ಏರುತ್ತದೆ. ನದಿಯಲ್ಲಿ ಮೊಸಳೆಗಳೂ ಇರುವುದರಿಂದ ಸ್ಥಳೀಯರನ್ನು ವಿಚಾರಿಸದೆ ನೀರಿಗೆ ಇಳಿಯಬಾರದಾಗಿ ಕೋರಲಾಗಿದೆ.