ಬಾಯ್ಲರಿಗೆ ಮೊದಲು, ಕಾಟಾಕ್ಕೆ ಕೊನೆಗೆ: ಚಿಕ್ಕೋಡಿ ಸೀಮೆಯ ಸಕ್ಕರೆ ತಂತ್ರಜ್ಞಾನದ ಎಂಟು ದಶಕ

ಮಳೆಗಾಲ ಮುಗಿಯುತ್ತಲೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ‘ಬಾಯ್ಲರ್ ಅಗ್ನಿ ಪ್ರದೀಪನ’ದ ಆಮಂತ್ರಣ ಪತ್ರಿಕೆಗಳು ಓಡಾಡತೊಡಗುತ್ತವೆ. ಹಬೆ ಇಲ್ಲದೆ ಗಿರಣಿ ತಿರುಗದು, ರಸ ಕಾಯದು. ಅದಕ್ಕೇ ಹಂಗಾಮಿನ ಮೊದಲ ಪೂಜೆ ಬಾಯ್ಲರಿಗೆ. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ ಹೆಸರು ಮಾಡಿದ್ದರೂ ಐದೂ ತಾಲೂಕುಗಳ ಜೀವನವನ್ನು ಒಟ್ಟಿಗೆ ಹಿಡಿದಿರುವ ಉದ್ಯಮ ಸಕ್ಕರೆಯೇ.

ಈ ಸೀಮೆ ಸಕ್ಕರೆ ತಯಾರಿಕೆಯ ದೊಡ್ಡ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಬೇರೆ ಕಡೆ ನಡೆದು ಸೈ ಎನಿಸಿಕೊಂಡದ್ದನ್ನು ತಂದು ಕೂರಿಸಿ, ಅದರಿಂದಲೇ ಬೆಳೆಯಿತು. ಅದು ತಪ್ಪಲ್ಲ, ಜಾಣತನವೇ. ಆದರೆ ಯಾವುದನ್ನು ಮೊದಲು ತಂದರು, ಯಾವುದನ್ನು ಹಿಂದಕ್ಕೆ ಹಾಕಿದರು ಎಂದು ಸಾಲಾಗಿ ನೋಡಿದರೆ ಈ ಉದ್ಯಮದ ಒಲವು ಯಾವ ಕಡೆಗಿತ್ತು ಎಂಬುದು ತಿಳಿಯುತ್ತದೆ.

ಗಾಣದಿಂದ ಗಿರಣಿಗೆ

ಕಾರ್ಖಾನೆಗಳಿಗೆ ಮೊದಲು ಇಲ್ಲಿ ಎತ್ತಿನ ಗಾಣ, ಬೆಲ್ಲದ ಕೊಪ್ಪರಿಗೆಗಳಿದ್ದವು. ಮರದ ಗಾಣದ ಜಾಗಕ್ಕೆ ಕಬ್ಬಿಣದ ಗಾಣ ಬಂದದ್ದೇ ಮೊದಲ ದೊಡ್ಡ ಬದಲಾವಣೆ. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳಿಗೆ ಕೈಹಾಕಿದರು. 1910ರಲ್ಲಿ ಅವರು ಕಟ್ಟಿದ ಕಿರ್ಲೋಸ್ಕರವಾಡಿಯಿಂದ ಕಬ್ಬು ಅರೆಯುವ ಯಂತ್ರಗಳೂ ಹೊರಬಂದವು.

1932ರಲ್ಲಿ ಬ್ರಿಟಿಷ್ ಸರ್ಕಾರ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಭಾರತದಲ್ಲಿ ಸುಮಾರು 30ರಷ್ಟಿದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ 130 ದಾಟಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿದ್ದು ಈ ಅಲೆಯಲ್ಲೇ. ಕೃಷ್ಣೆಯ ದಂಡೆಗೆ ಆ ಅಲೆ ಬಂದದ್ದು 1939ರಲ್ಲಿ, ಶಿರಗಾಂವ್ಕರ್ ಕುಟುಂಬ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿಸಿದಾಗ. ಒಂದು ಕಡೆ ನದಿಯ ನೀರು, ಇನ್ನೊಂದು ಕಡೆ ಮಿರಜ–ಬೆಳಗಾವಿ ರೈಲು ಹಾದಿ: ಜಾಗದ ಆಯ್ಕೆಯಲ್ಲೇ ಲೆಕ್ಕಾಚಾರವಿತ್ತು.

ಗಾಣದಲ್ಲಿ ಸಿಪ್ಪೆಯ ಜೊತೆಗೇ ಹೋಗುತ್ತಿದ್ದ ರಸವನ್ನು ಗಿರಣಿ ಬಿಡಲಿಲ್ಲ. ಕಬ್ಬನ್ನು ಮೊದಲು ಚಾಕುಗಳಿಂದ ಕೊಚ್ಚಿ, ಮೂರು ಮೂರು ರೋಲರುಗಳ ಸಾಲು ಗಿರಣಿಗಳಲ್ಲಿ ಹಿಂಡಿ, ನಡುವೆ ಬಿಸಿನೀರು ಚಿಮುಕಿಸಿ ಉಳಿದ ಸಿಹಿಯನ್ನೂ ತೆಗೆಯುವ ವಿಧಾನ ಅದು. ರಸಕ್ಕೆ ಸುಣ್ಣದ ನೀರು ಮತ್ತು ಗಂಧಕದ ಹೊಗೆ ಕೊಟ್ಟು ಕಶ್ಮಲ ತೆಗೆದು, ಒಂದರ ಹಬೆಯಿಂದ ಇನ್ನೊಂದು ಕಾಯುವಂತೆ ಜೋಡಿಸಿದ ಪಾತ್ರೆಗಳಲ್ಲಿ ಗಟ್ಟಿ ಮಾಡುತ್ತಾರೆ. ಈ ಪಾತ್ರೆಗಳ ಉಪಾಯ ಅಮೆರಿಕದ ಲೂಸಿಯಾನಾದ ನಾರ್ಬರ್ಟ್ ರಿಲಿಯೂ 1843ರಲ್ಲಿ ಪೇಟೆಂಟ್ ಪಡೆದದ್ದು. ಉಗಾರಕ್ಕೆ ಬರುವ ಹೊತ್ತಿಗೆ ಅದಕ್ಕೆ ಹತ್ತಿರಹತ್ತಿರ ನೂರು ವರ್ಷ ವಯಸ್ಸಾಗಿತ್ತು.

ಯಂತ್ರ ಎಷ್ಟೇ ಬಂದರೂ ಹರಳು ಕಟ್ಟುವ ಪ್ಯಾನ್ ವಿಭಾಗದಲ್ಲಿ ಬಹುಕಾಲ ನಡೆದದ್ದು ಕಣ್ಣಿನ ಅಂದಾಜು. ನಿರ್ವಾತದಲ್ಲಿ ಕುದಿಯುವ ಪಾಕದಿಂದ ಪ್ಯಾನ್‌ಮನ್ ಒಂದು ಸಲಾಕೆಯಲ್ಲಿ ಸ್ವಲ್ಪ ಹೊರತೆಗೆದು, ಗಾಜಿನ ತುಂಡಿಗೆ ಸವರಿ ಬೆಳಕಿಗೆ ಹಿಡಿಯುತ್ತಾನೆ. ಹರಳು ಸಮನಾಗಿದೆಯೇ, ನಡುವೆ ಪುಡಿ ಹರಳು ಹುಟ್ಟಿದೆಯೇ ಎಂದು ನೋಡಿ ಕವಾಟ ತಿರುಗಿಸುತ್ತಾನೆ. ಸಂವೇದಕ, ಕಂಪ್ಯೂಟರ್ ಪರದೆಗಳು ಬಂದ ಮೇಲೂ ಅನುಭವಿ ಪ್ಯಾನ್‌ಮನ್‌ಗೆ ಬೆಲೆ ಕಡಿಮೆಯಾಗಿಲ್ಲ.

ಸಹಕಾರದ ದಾರಿ, ಖಾಸಗಿಯ ಓಟ

ಎರಡನೆಯ ಘಟ್ಟದಲ್ಲಿ ಬಂದ ಪರೀಕ್ಷಿತ ಮಾದರಿ ಯಂತ್ರದ್ದಲ್ಲ, ಸಂಘಟನೆಯದು. ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳ ಮಹಾರಾಷ್ಟ್ರದ ಅಂದಿನ ಅಹಮದನಗರ ಜಿಲ್ಲೆಯ ಪ್ರವರಾನಗರದಲ್ಲಿ ರೈತರ ಷೇರಿನಿಂದಲೇ ಕಾರ್ಖಾನೆ ನಡೆಸಬಹುದೆಂದು ತೋರಿಸಿದರು. ಗಡಿಯ ಈ ಕಡೆಯೂ ಆ ಮಾದರಿ ಬೇಗ ಹಿಡಿಯಿತು. ನೆರೆಯ ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ, ರಾಯಬಾಗದಲ್ಲಿ ರಾಯಬಾಗ ಸಹಕಾರಿ ಕಾರ್ಖಾನೆಗಳು ಎದ್ದವು. ಯಂತ್ರಗಳನ್ನೂ ಸಲಹೆಯನ್ನೂ ಹುಡುಕಲು ದೂರ ಹೋಗಬೇಕಿರಲಿಲ್ಲ. ವಾಲಚಂದನಗರದಲ್ಲಿ ಸಕ್ಕರೆ ಯಂತ್ರಗಳು ತಯಾರಾಗುತ್ತಿದ್ದವು. 1975ರಲ್ಲಿ ಪುಣೆ ಸಮೀಪದ ಮಾಂಜರಿಯಲ್ಲಿ ಆರಂಭವಾಗಿ ಈಗ ವಸಂತದಾದಾ ಹೆಸರು ಹೊತ್ತಿರುವ ಸಂಸ್ಥೆ ಸಕ್ಕರೆ ತಂತ್ರಜ್ಞರನ್ನು ತಯಾರು ಮಾಡಿತು. ಈಗ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

1998ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಕಾರ್ಖಾನೆಗಳಿಗೆ ಲೈಸೆನ್ಸ್ ಪದ್ಧತಿ ತೆಗೆದುಹಾಕಿದ ಮೇಲೆ ಖಾಸಗಿಯವರ ಓಟ ಶುರುವಾಯಿತು. ಬೆಳಗಾವಿಯ ಮುರ್ಕುಂಬಿ ಕುಟುಂಬದ ರೇಣುಕಾ ಶುಗರ್ಸ್ ಹಿಂದೂಪುರದ ಹಳೆಯ ಕಾರ್ಖಾನೆಯನ್ನು ಕೊಂಡು ಬಿಚ್ಚಿ ತಂದು ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ನಿಲ್ಲಿಸಿತು. ಮುಂದೆ ಅಥಣಿ ತಾಲೂಕಿನ ಬುರ್ಲಟ್ಟಿಯಲ್ಲಿ ಸಕ್ಕರೆ, ವಿದ್ಯುತ್, ಡಿಸ್ಟಿಲರಿ ಮೂರನ್ನೂ ಒಂದೇ ಆವರಣದಲ್ಲಿ ಕಟ್ಟಿತು. ರಾಯಬಾಗದ ಸಹಕಾರಿ ಕಾರ್ಖಾನೆಯನ್ನು ಗುತ್ತಿಗೆಗೆ ಪಡೆಯಿತು. ಕೆಂಪವಾಡದ ಅಥಣಿ ಶುಗರ್ಸ್, ಬೇಡಕಿಹಾಳದ ವೆಂಕಟೇಶ್ವರ, ಯಡ್ರಾಂವ ಭಾಗದ ಶಿವಶಕ್ತಿ ಮುಂತಾದ ಕಾರ್ಖಾನೆಗಳೂ ಬಂದವು. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಇರಬೇಕೆಂಬ ನಿಯಮವಿದ್ದರೂ ಕಬ್ಬಿಗೆ ಪೈಪೋಟಿ ಹತ್ತಿತು. ನುರಿಸುವ ಸಾಮರ್ಥ್ಯ ಹೆಚ್ಚಿದಂತೆ ಹಂಗಾಮಿನ ದಿನಗಳು ಕಡಿಮೆಯಾದವು.

ಸಿಪ್ಪೆಗೆ ಬಂದ ಬೆಲೆ

ಒಂದು ಟನ್ ಕಬ್ಬು ನುರಿಸಿದರೆ ಸುಮಾರು 300 ಕಿಲೋ ಹಸಿ ಸಿಪ್ಪೆ, ಅಂದರೆ ಬಗಾಸ್, ಉಳಿಯುತ್ತದೆ. ಹಳೆಯ ಕಾರ್ಖಾನೆಗಳಿಗೆ ಅದು ತಲೆನೋವಾಗಿತ್ತು. ಬಾಯ್ಲರಿನ ಒತ್ತಡ ಚದರ ಸೆಂಟಿಮೀಟರಿಗೆ 21 ಕಿಲೋ ಆಸುಪಾಸಿನಲ್ಲಿತ್ತು. ಬಗಾಸ್ ಹೇಗಾದರೂ ಉರಿದು ತೀರಲಿ ಎಂಬುದೇ ಲೆಕ್ಕ, ಉಳಿತಾಯದ ಮಾತೇ ಇರಲಿಲ್ಲ. ಹವಾಯಿ, ಮಾರಿಷಸ್ ದ್ವೀಪಗಳ ಕಾರ್ಖಾನೆಗಳು ಇದೇ ಬಗಾಸಿನಿಂದ ಊರಿಗೆ ವಿದ್ಯುತ್ ಕೊಡುತ್ತಿದ್ದವು. ಭಾರತ ಸರ್ಕಾರ 1994ರಲ್ಲಿ ಬಗಾಸ್ ಸಹವಿದ್ಯುತ್ ಕಾರ್ಯಕ್ರಮ ಆರಂಭಿಸಿ, ಯೂನಿಟ್ಟಿಗೆ 2.25 ರೂಪಾಯಿ ಕೊಡಬೇಕು, ವರ್ಷವರ್ಷ ಶೇ 5 ಏರಿಸಬೇಕು ಎಂದು ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಾಗ ಲೆಕ್ಕ ತಲೆಕೆಳಗಾಯಿತು.

ಒತ್ತಡ 67 ಕಿಲೋಗೆ, 87ಕ್ಕೆ, ಕೆಲವೆಡೆ 110ಕ್ಕೆ ಏರಿತು. ಒತ್ತಡ ಏರಿದಷ್ಟೂ ಅದೇ ಬಗಾಸಿನಿಂದ ಹೆಚ್ಚು ವಿದ್ಯುತ್ ಹುಟ್ಟುತ್ತದೆ. ಅಧಿಕ ಒತ್ತಡದ ಘಟಕವೊಂದು ಟನ್ ಕಬ್ಬಿಗೆ ನೂರು ಯೂನಿಟ್ಟಿಗೂ ಮೀರಿ ಉತ್ಪಾದಿಸಬಲ್ಲದು. ಆಗ ಒಳಗೆ ಖರ್ಚಾಗುವ ಒಂದೊಂದು ಕಿಲೋ ಹಬೆಗೂ ಲೆಕ್ಕ ಶುರುವಾಯಿತು. ಕಬ್ಬಿನ ತೂಕದ ಅರ್ಧಕ್ಕೂ ಮಿಕ್ಕಿ ಹಬೆ ಬೇಕಾಗುತ್ತಿದ್ದ ಜಾಗದಲ್ಲಿ ಶೇ 40ರ ಆಸುಪಾಸಿಗೆ ಇಳಿಸುವ ಆವೀಕರಣ ಪಾತ್ರೆಗಳು, ನಿರಂತರ ಪ್ಯಾನ್‌ಗಳು ಬಂದವು. ಗಿರಣಿಯ ಹಬೆ ಟರ್ಬೈನ್ ತೆಗೆದು ವೇಗ ಹೊಂದಿಸಬಲ್ಲ ವಿದ್ಯುತ್ ಮೋಟಾರ್ ಹಾಕಿದರು. ಉಗಾರ ಕಾರ್ಖಾನೆ ರಾಜ್ಯದಲ್ಲಿ ಗ್ರಿಡ್‌ಗೆ ವಿದ್ಯುತ್ ಮಾರಿದ ಮೊದಲ ಸಾಲಿನಲ್ಲಿತ್ತು. ಉಳಿದವರೂ ಹಿಂಬಾಲಿಸಿದರು. ಸೌರ ವಿದ್ಯುತ್ ಅಗ್ಗವಾದ ಮೇಲೆ ಈ ಆದಾಯಕ್ಕೆ ಮೊದಲಿನ ಭದ್ರತೆ ಇಲ್ಲ.

ಕಾಕಂಬಿಯಿಂದ ಎಥೆನಾಲ್

ವಿದ್ಯುತ್ತಿನ ಲಾಭ ಇಳಿಯುವ ಹೊತ್ತಿಗೆ ಎಥೆನಾಲ್ ಕೈಹಿಡಿಯಿತು. ಪೆಟ್ರೋಲಿಗೆ ಶೇ 5 ಎಥೆನಾಲ್ ಬೆರೆಸುವ ಯೋಜನೆ 2003ರಲ್ಲೇ ಬಂದಿತ್ತು. ವೇಗ ಸಿಕ್ಕಿದ್ದು 2018ರ ಜೈವಿಕ ಇಂಧನ ನೀತಿಯಿಂದ. ಸಕ್ಕರೆಯನ್ನೆಲ್ಲ ತೆಗೆದ ಕೊನೆಯ ಕಾಕಂಬಿ ಟನ್ನಿಗೆ ಸುಮಾರು 225 ಲೀಟರ್ ಎಥೆನಾಲ್ ಕೊಟ್ಟರೆ, ಸಕ್ಕರೆ ಇನ್ನೂ ಉಳಿದಿರುವ ‘ಬಿ-ಹೆವಿ’ ಕಾಕಂಬಿ ಸುಮಾರು 300 ಲೀಟರ್ ಕೊಡುತ್ತದೆ. ಸಕ್ಕರೆ ಬೆಲೆ ಬಿದ್ದಾಗ ಇತ್ತ, ಎದ್ದಾಗ ಅತ್ತ ತಿರುಗುವ ಅವಕಾಶ ಕಾರ್ಖಾನೆಗೆ ಸಿಕ್ಕಿತು. ಆದರೂ ಲಗಾಮು ದೆಹಲಿಯ ಕೈಯಲ್ಲೇ ಇದೆ. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತೆಗೆಯಲು ಬಿದ್ದ ಕಡಿವಾಣ 2024ರ ಆಗಸ್ಟಿನಲ್ಲಿ ಸಡಿಲವಾಯಿತು.

ಡಿಸ್ಟಿಲರಿಯ ಕಪ್ಪು ತ್ಯಾಜ್ಯವಾದ ಸ್ಪೆಂಟ್‌ವಾಶ್ ನದಿ ದಂಡೆಯ ಹಳ್ಳಿಗಳ ಹಳೆಯ ದೂರು. ಒಂದು ಲೀಟರ್ ಮದ್ಯಸಾರಕ್ಕೆ ಹತ್ತಾರು ಲೀಟರ್ ಸ್ಪೆಂಟ್‌ವಾಶ್ ಹುಟ್ಟುತ್ತದೆ. ಒಂದು ಹನಿಯೂ ಹೊರಬಿಡಬಾರದೆಂಬ ನಿಯಮ ಬಿಗಿಯಾದ ಮೇಲೆ ಅದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲೇ ಸುಡುವ ಪದ್ಧತಿ ಹರಡಿತು. ಆ ಬೂದಿಯಲ್ಲಿ ಪೊಟ್ಯಾಶ್ ಇದೆ. 2021ರಿಂದ ಅದು ರಸಗೊಬ್ಬರ ಸಬ್ಸಿಡಿ ಪಟ್ಟಿಯಲ್ಲೂ ಸೇರಿದೆ. ಇಲ್ಲಿ ಗಮನಿಸಬೇಕಾದದ್ದು, ಬಾಯ್ಲರಿಗೆ ಲಾಭದ ಆಸೆ ಸಾಕಾಯಿತು. ನದಿಯನ್ನು ಉಳಿಸುವ ತಂತ್ರಕ್ಕೆ ಕಾನೂನಿನ ಒತ್ತಡವೇ ಬೇಕಾಯಿತು.

ಹೊಲದಲ್ಲಿ ನಿಂತ ನೀರು

ಕಾರ್ಖಾನೆಯ ಗೋಡೆಯಾಚೆ ತಂತ್ರಜ್ಞಾನದ ನಡಿಗೆ ನಿಧಾನ. ತಳಿಗಳ ಮಟ್ಟಿಗೆ ಕೆಲಸವಾಗಿದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಕೋ 86032, ಮಹಾರಾಷ್ಟ್ರದ ಪಾಡೆಗಾಂವದ 265 ತಳಿ ಇಲ್ಲಿ ಮನೆಮಾತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಕೇಂದ್ರವೂ ತಳಿಗಳನ್ನು ಕೊಟ್ಟಿದೆ. ಕಟಾವಿಗೆ ಗ್ಯಾಂಗು ಸಿಗದ ಕಡೆ ಹಾರ್ವೆಸ್ಟರ್ ಬರುತ್ತಿದೆ. ಆದರೆ ಅದಕ್ಕೆ ಅಗಲ ಸಾಲು, ದೊಡ್ಡ ಹೊಲ ಬೇಕು. ತುಂಡು ಜಮೀನಿನ ರೈತನಿಗೆ ಗ್ಯಾಂಗಿನ ಮುಕಾದಮನೇ ಗತಿ.

ದೊಡ್ಡ ಹಾನಿ ನೀರಿನದು. ನದಿ ದಂಡೆಯ ಕರಿಭೂಮಿಗೆ ದಶಕಗಳ ಕಾಲ ಹರಿನೀರು ಬಿಟ್ಟದ್ದರಿಂದ ಸವಳು-ಜವಳು ಹಬ್ಬಿ, ಒಂದು ಕಾಲಕ್ಕೆ ಭರ್ಜರಿ ಕಬ್ಬು ಕೊಟ್ಟ ಹೊಲ ಬಿಳಿ ಹೊದ್ದಿತು. ನೆಲದೊಳಗೆ ರಂಧ್ರದ ಪೈಪು ಹೂಳಿ ಉಪ್ಪುನೀರು ಬಸಿಯುವ ಡಚ್ಚರ ವಿಧಾನ ಉಗಾರ ಬುದ್ರುಕ್ ಭಾಗದಲ್ಲಿ ಫಲ ಕೊಟ್ಟಿದೆ. ಒಬ್ಬನ ಹೊಲಕ್ಕೆ ಮಾಡಿ ಪ್ರಯೋಜನವಿಲ್ಲ, ಬಸಿನೀರು ಹಳ್ಳ ಸೇರುವವರೆಗೆ ಸಾಲುಸಾಲು ರೈತರು ಒಪ್ಪಬೇಕು. ಅಷ್ಟು ಜನರನ್ನು ಕೂಡಿಸಬಲ್ಲ ಶಕ್ತಿ ಇರುವುದು ಕಾರ್ಖಾನೆಗಳಿಗೆ. ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರ ಮೈಕ್ರೋಸಾಫ್ಟ್ ಜೊತೆಗೂಡಿ ಉಪಗ್ರಹ, ಮಣ್ಣಿನ ಸಂವೇದಕ, ಕೃತಕ ಬುದ್ಧಿಮತ್ತೆ ಬಳಸಿ ಕಬ್ಬಿಗೆ ನೀರು-ಗೊಬ್ಬರ ಅಳೆದು ಕೊಡುವ ಪ್ರಯೋಗ ನಡೆಸಿದೆ. ಅದು ಬರಲಿ. ಆದರೆ ಡ್ರಿಪ್ ಮತ್ತು ಬಸಿಗಾಲುವೆ ಎಂದೋ ಪರೀಕ್ಷೆ ಮುಗಿಸಿ ಕಾಯುತ್ತಿವೆ.

ಕಾಟಾ ಮತ್ತು ರಿಕವರಿ

ರೈತ ಕಾರ್ಖಾನೆಯನ್ನು ಮುಟ್ಟುವುದು ಎರಡೇ ಕಡೆ: ತೂಕದ ಕಾಟಾ ಮತ್ತು ರಿಕವರಿಯ, ಅಂದರೆ ಕಬ್ಬಿನಿಂದ ಸಿಕ್ಕ ಸಕ್ಕರೆಯ ಶೇಕಡಾ ಪ್ರಮಾಣದ, ಲೆಕ್ಕ. ಎಲೆಕ್ಟ್ರಾನಿಕ್ ಕಾಟಾ ಬಂದು ವರ್ಷಗಳಾದವು. ತುಂಬಿದ ಟ್ರೇಲರ್ ಏರುತ್ತದೆ, ಅಂಕಿ ಬೀಳುತ್ತದೆ, ಖಾಲಿಯಾಗಿ ಮತ್ತೆ ಏರುತ್ತದೆ, ಚೀಟಿ ಕೈಗೆ ಬರುತ್ತದೆ. ಆದರೂ ‘ಕಾಟಾ ಹೊಡೆಯುತ್ತಾರೆ’ ಎಂಬ ಮಾತು ಹೋಗಿಲ್ಲ. 20 ಟನ್ ಕಬ್ಬಿನಲ್ಲಿ ಶೇ 2ರಷ್ಟು ವ್ಯತ್ಯಾಸವಾದರೆ 400 ಕಿಲೋ. ಟನ್ನಿಗೆ 3,300 ರೂಪಾಯಿಯಂತೆ 1,320 ರೂಪಾಯಿ ಒಂದೇ ಖೇಪಿನಲ್ಲಿ ಹೋಯಿತು.

ರಿಕವರಿಯೂ ಹಾಗೆಯೇ. 2025–26ರ ಹಂಗಾಮಿಗೆ ಕೇಂದ್ರದ ದರ ಶೇ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.46 ರೂಪಾಯಿ. ನೂರು ಟನ್ ಬೆಳೆದವನಿಗೆ ಆ ಒಂದು ದಶಾಂಶದ ಬೆಲೆ 3,460 ರೂಪಾಯಿ. ಬಿ-ಹೆವಿ ಕಾಕಂಬಿ ಎಥೆನಾಲಿಗೆ ಹೋದಾಗ ಮೂಟೆಯ ಸಕ್ಕರೆ ಕಡಿಮೆ ಕಾಣುತ್ತದೆ. ಹಾಗೆ ಹೋದ ಸಕ್ಕರೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆ ಲೆಕ್ಕ ರೈತನ ಕಣ್ಣೆದುರು ನಡೆಯುವುದಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಿಂದ ಹಬ್ಬಿದ ಕಬ್ಬಿನ ದರದ ಹೋರಾಟ, ಕಟಾವು-ಸಾಗಣೆ ವೆಚ್ಚ ಬಿಟ್ಟು, ಟನ್ನಿಗೆ 3,300 ರೂಪಾಯಿಗೆ ನಿಂತಿತು. ದರದ ಸಿಟ್ಟಿನ ಹಿಂದೆ ಈ ಅಪನಂಬಿಕೆಯೂ ಇತ್ತು.

110 ಕಿಲೋ ಒತ್ತಡವನ್ನು ಪರದೆಯ ಮೇಲೆ ಕ್ಷಣಕ್ಷಣಕ್ಕೂ ನೋಡಬಲ್ಲ ಕಾರ್ಖಾನೆಗೆ ಕಾಟಾದ ಅಂಕಿಯನ್ನು ಅದೇ ಕ್ಷಣ ರೈತನ ಮೊಬೈಲಿಗೆ ಕಳಿಸುವುದು ಕಷ್ಟವಲ್ಲ. ಹೊರಗಿನ ಕಾಟಾದ ತೂಕ ಒಪ್ಪುವುದು, ರಿಕವರಿಯ ಪರೀಕ್ಷೆಗೆ ರೈತ ಪ್ರತಿನಿಧಿಯನ್ನು ಕೂರಿಸುವುದೂ ಕಷ್ಟವಲ್ಲ. ಇದಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಬಾಯ್ಲರಿಗೆ ಹಾಕಿದ ಹಣದ ಒಂದು ಚೂರು ಸಾಕು. ಸಹಕಾರಿ ಕಾರ್ಖಾನೆಗಳ ಷೇರುದಾರ ರೈತರು ಮುಂದಿನ ವಾರ್ಷಿಕ ಸಭೆಯಲ್ಲಿ ಹೊಸ ಡಿಸ್ಟಿಲರಿಯ ಠರಾವಿಗೆ ಕೈ ಎತ್ತುವ ಮೊದಲು ಕಾಟಾ ಮತ್ತು ಬಸಿಗಾಲುವೆಯ ಠರಾವು ಮಂಡಿಸಲಿ.